ರೆಕನ್ ಅಂದರೆ ಲೆಕ್ಕ ಹಾಕುವುದಾ, ಅಂದುಕೊಳ್ಳುವುದಾ?

ಓದುಗರೊಬ್ಬರ ಪ್ರಶ್ನೆ: "ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಇದ್ದೇನೆ. ನಮ್ಮ ಬ್ರಿಟಿಷ್ ಮ್ಯಾನೇಜರ್ ಮೇಲ್‌ನಲ್ಲಿ 'ಐ ರೆಕನ್ ವಿ ಆರ್ ಟೂ ಪರ್ಸೆಂಟ್ ಓವರ್' ಅಂತ ಬರೆದಿದ್ದರು. ಡಿಕ್ಷನರಿ ನೋಡಿದೆ. ರೆಕನ್ ಅಂದರೆ ಲೆಕ್ಕ ಹಾಕು ಅಂತ ಇತ್ತು. ಸರಿ, ಲೆಕ್ಕ ಹಾಕಿಯೇ ಹೇಳಿದ್ದಾರೆ ಅಂತ 2 ಶೇಕಡಾ ಅನ್ನುವ ಅಂಕಿಯನ್ನು ವರದಿಯಲ್ಲಿ ಹಾಕಿಬಿಟ್ಟೆ. ಆಮೇಲೆ ಅವರು, ಅದು ಸುಮ್ನೆ ನನ್ನ ಅನಿಸಿಕೆ ಅಷ್ಟೇ, ಲೆಕ್ಕ ಇನ್ನೂ ಆಗಬೇಕು ಅಂದರು. ಹಾಗಾದರೆ ಈ ಪದದ ಅರ್ಥ ಲೆಕ್ಕವಾ, ಅನಿಸಿಕೆಯಾ? ಡೇ ಆಫ್ ರೆಕನಿಂಗ್, ಡೆಡ್ ರೆಕನಿಂಗ್ ಅಂತೆಲ್ಲ ಕೇಳಿದ್ದೇನೆ, ಅದೂ ಇದೇ ಪದವಾ? ನಾನು ಮೇಲ್‌ನಲ್ಲಿ ಇದನ್ನು ಬಳಸಬಹುದಾ?"

ನಿಮ್ಮ ತಪ್ಪೂ ಇಲ್ಲ, ಡಿಕ್ಷನರಿಯ ತಪ್ಪೂ ಇಲ್ಲ. ರೆಕನ್ ಅಂದರೆ ಲೆಕ್ಕ ಹಾಕುವುದೂ ಹೌದು, ಅಂದುಕೊಳ್ಳುವುದೂ ಹೌದು. ಇದನ್ನು ಎರಡು ಬೇರೆ ಪದ ಅಂತ ಬಾಯಿಪಾಠ ಮಾಡಬೇಡಿ. ಇದರ ಜೋಡಿ ಪದ ನಿಮ್ಮ ಬಾಯಲ್ಲೇ ಇದೆ. ಎಣಿಸು. "ನೋಟು ಎಣಿಸಿದೆ" ಅನ್ನುತ್ತೇವೆ. "ಇವತ್ತು ಮಳೆ ಬರಲ್ಲ ಅಂತ ಎಣಿಸಿದ್ದೆ" ಅಂತಲೂ ಅನ್ನುತ್ತೇವೆ. ಮೊದಲನೆಯದರಲ್ಲಿ ಬೆರಳು ಓಡುತ್ತದೆ, ಎರಡನೆಯದರಲ್ಲಿ ಮನಸ್ಸು ಓಡುತ್ತದೆ. "ನಾನು ಎಣಿಸಿದ್ದೇ ಒಂದು, ಆಗಿದ್ದೇ ಇನ್ನೊಂದು" ಅಂದಾಗ ಯಾರೂ ಏನು ಎಣಿಸಿದ್ರಿ, ಎಷ್ಟು ಬಂತು ಅಂತ ಕೇಳುವುದಿಲ್ಲ ಅಲ್ವಾ? ಕನ್ನಡದಲ್ಲಿ ಇಷ್ಟು ಸಲೀಸಾಗಿ ಮಾಡುವ ಕೆಲಸವನ್ನೇ ಇಂಗ್ಲಿಷಿನವರು ರೆಕನ್ ಇಟ್ಟುಕೊಂಡು ಮಾಡುತ್ತಾರೆ.

ಇದು ಈ ಎರಡು ಭಾಷೆಗಳ ಗುಣ ಮಾತ್ರ ಅಲ್ಲ. ಲ್ಯಾಟಿನ್ನಿನ ಪುಟಾರೆ ಅನ್ನುವ ಕ್ರಿಯಾಪದಕ್ಕೆ ಗಿಡದ ರೆಂಬೆ ಸವರುವುದು, ಲೆಕ್ಕ ಚೊಕ್ಕ ಮಾಡುವುದು, ಯೋಚಿಸುವುದು ಅಂತ ಮೂರೂ ಅರ್ಥ ಇವೆ. ಕಂಪ್ಯೂಟ್ ಅನ್ನುವ ಪದ ಅಲ್ಲಿಂದ ಬಂತು, ಜನ ನಮ್ಮ ಬಗ್ಗೆ ಏನು ಅಂದುಕೊಂಡಿದ್ದಾರೆ ಅನ್ನುವ ರೆಪ್ಯುಟೇಶನ್ ಕೂಡ ಅಲ್ಲಿಂದಲೇ ಬಂತು. ಗ್ರೀಕಿನ ಲೋಗೋಸ್‌ಗೆ ಮಾತು, ಕಾರಣ, ಲೆಕ್ಕ ಎಲ್ಲವೂ ಅರ್ಥ. ನಮ್ಮ ಪತ್ರಿಕೆಗಳಲ್ಲಿ ದಿನಾ ಕಾಣುವ "ಪರಿಗಣಿಸಲಾಗಿದೆ" ನೋಡಿ. ಅದರೊಳಗೆ ಇರುವುದು ಗಣನೆಯೇ. ಮನುಷ್ಯ ಮೊದಲು ಎಣಿಸುವುದು ಕಲಿತು, ಆಮೇಲೆ ಅದೇ ಮಾತಿನಲ್ಲಿ ತೀರ್ಮಾನ ಮಾಡುವುದನ್ನೂ ಹೇಳತೊಡಗಿದ ಅಂತ ನನಗೆ ಅನಿಸುತ್ತದೆ.

ನಿಮ್ಮ ಮ್ಯಾನೇಜರ್ ಮಾತಿಗೆ ಬರುತ್ತೇನೆ, ಯಾಕೆಂದರೆ ಎಡವಟ್ಟು ಆಗಿರುವುದು ಅಲ್ಲೇ. ರೆಕನ್ ಎಲ್ಲಿ ಲೆಕ್ಕ, ಎಲ್ಲಿ ಅನಿಸಿಕೆ ಅಂತ ತಿಳಿಯಲು ಅದರ ಪಕ್ಕ ಏನು ಕೂತಿದೆ ನೋಡಬೇಕು. ಪಕ್ಕದಲ್ಲಿ ಒಂದು ಪೂರ್ತಿ ವಾಕ್ಯ ಬಂದರೆ, ಅಂದರೆ "ಐ ರೆಕನ್" ಆದಮೇಲೆ "ಅವನು ಬರುತ್ತಾನೆ", "ನಾವು 2 ಶೇಕಡಾ ಜಾಸ್ತಿ ಇದ್ದೇವೆ" ಅನ್ನುವಂಥದ್ದು ಬಂದರೆ, ಅದು ಮಾತಾಡುವವರ ಅಭಿಪ್ರಾಯ. ಅಂಕಿ ಇದ್ದರೂ ಅಭಿಪ್ರಾಯವೇ. ನೀವು ಅಂಕಿಯನ್ನು ನೋಡಿ ಲೆಕ್ಕ ಅಂದುಕೊಂಡಿರಿ, ಆದರೆ ಅರ್ಥ ನಿಂತಿದ್ದು ವಾಕ್ಯದ ಕಟ್ಟಿನ ಮೇಲೆ. ಪಕ್ಕದಲ್ಲಿ ಲೆಕ್ಕ ಹಾಕುವ ವಸ್ತುವೇ ನೇರವಾಗಿ ಬಂದರೆ, ಬಡ್ಡಿ, ದಿನ, ಖರ್ಚು ಇಂಥವು, ಆಗ ನಿಜವಾಗಿ ಲೆಕ್ಕ. "ರೆಕನ್ ದಿ ಇಂಟರೆಸ್ಟ್ ಫ್ರಮ್ ದಿ ಫಸ್ಟ್ ಆಫ್ ಏಪ್ರಿಲ್" ಅಂದರೆ ಏಪ್ರಿಲ್ 1ರಿಂದ ಬಡ್ಡಿ ಲೆಕ್ಕ ಹಾಕಿ ಅಂತ. ಕಾನೂನಿನ ಬರಹಗಳಲ್ಲಿ ಅವಧಿಯನ್ನು ಯಾವ ದಿನದಿಂದ ಎಣಿಸಬೇಕು ಅಂತ ಹೇಳುವಾಗ "ರೆಕನ್ಡ್ ಫ್ರಮ್" ಬರುತ್ತದೆ. ಅಲ್ಲಿ ಅನಿಸಿಕೆಗೆ ಜಾಗವೇ ಇಲ್ಲ, ಒಂದು ದಿನ ಆಚೀಚೆ ಆದರೂ ಕೇಸು ಬಿದ್ದುಹೋಗಬಹುದು. "ರೆಕನ್ ಅಪ್" ಅಂದರೆ ಒಟ್ಟು ಕೂಡಿಸುವುದು, ಅದರಲ್ಲೂ ಗೊಂದಲ ಇಲ್ಲ.

ಮೂರನೆಯ ಕಟ್ಟು ಒಂದಿದೆ, ಅದು ಇವೆರಡರ ನಡುವೆ ನಿಲ್ಲುತ್ತದೆ. "ಈಸ್ ರೆಕನ್ಡ್ ಟು ಬಿ". ಈ ನಷ್ಟ ಇಷ್ಟು ಕೋಟಿ ಇರಬಹುದು ಅಂತ ಲೆಕ್ಕ ಹಾಕಲಾಗಿದೆ, ಆಕೆ ಈ ಕಾಲದ ಒಳ್ಳೆಯ ಗಾಯಕಿ ಅಂತ ಎಣಿಸುತ್ತಾರೆ, ಇಂಥ ಕಡೆ. ಯಾರು ಎಣಿಸಿದರು ಅನ್ನುವುದನ್ನು ಹೇಳದೆ, ಹತ್ತು ಜನ ಒಪ್ಪಿರುವ ಮಾತು ಅನ್ನುವ ತೂಕ ಕೊಡುತ್ತದೆ ಇದು. ಬ್ರಿಟನ್ನಿನ ಪತ್ರಿಕೆಗಳಿಗೆ ರೆಕನ್ ಬಹಳ ಇಷ್ಟ. ಒಬ್ಬ ಅರ್ಥಶಾಸ್ತ್ರಜ್ಞರೋ ಒಂದು ಬ್ಯಾಂಕೋ ಏನೋ ಅಂದಾಜು ಮಾಡಿದ್ದರೆ "ರೆಕನ್ಸ್" ಅಂತ ಬರೆಯುತ್ತಾರೆ. ಚಿಕ್ಕ ಪದ, ತಲೆಬರಹದಲ್ಲಿ ಹಿಡಿಸುತ್ತದೆ. ಜೊತೆಗೆ ಇದು ಅವರ ಎಣಿಕೆ, ನಾವು ಖಾತ್ರಿ ಕೊಡುತ್ತಿಲ್ಲ ಅಂತಲೂ ಓದುಗರಿಗೆ ತಿಳಿಸುತ್ತದೆ.

ಅನಿಸಿಕೆಯೇ ಆದರೆ ಥಿಂಕ್ ಅಂತ ಹೇಳಬಹುದಿತ್ತಲ್ಲ, ರೆಕನ್ ಯಾಕೆ? ಎರಡರ ರುಚಿ ಬೇರೆ. ಥಿಂಕ್ ಎಲ್ಲ ಕಡೆ ಓಡುವ ನಾಣ್ಯ. ಗೆಸ್ ಅಂದರೆ ಕೈಗೆ ಏನೂ ಸಿಗದೆ ಕತ್ತಲಲ್ಲಿ ತಡಕಿದ ಹಾಗೆ. ಸಪೋಸ್ ಅಂದರೆ ಸರಿ, ಹಾಗೇ ಇಟ್ಟುಕೊಳ್ಳೋಣ ಅನ್ನುವ ಧಾಟಿ. ರೆಕನ್ ಅನ್ನುವವರು ಮನಸ್ಸಿನಲ್ಲಿ ಒಂದಿಷ್ಟು ಕೂಡಿಸಿ ಕಳೆದು ಬಂದಿರುತ್ತಾರೆ. ಪೆನ್ನು ಕಾಗದ ಹಿಡಿದಿರಲಿಕ್ಕಿಲ್ಲ, ಆದರೆ ಹಿಂದಿನ ಮೂರು ತಿಂಗಳ ಖರ್ಚು, ಈ ತಿಂಗಳ ಬಿಲ್ಲುಗಳು, ತಮ್ಮ ಅನುಭವ, ಇವನ್ನೆಲ್ಲ ಒಮ್ಮೆ ತೂಗಿ ನೋಡಿ ಬಾಯಿ ತೆರೆದಿರುತ್ತಾರೆ. "ನನ್ನ ಲೆಕ್ಕದಲ್ಲಿ ಅವನು ಬರುವುದು ಸಂಶಯ" ಅನ್ನುತ್ತೇವಲ್ಲ, ಅದೇ ಧಾಟಿ. ಆ "ನನ್ನ ಲೆಕ್ಕದಲ್ಲಿ" ಅನ್ನುವುದು ಈ ರೆಕನ್‌ಗೆ ನಾನು ಕಂಡ ಅತ್ಯಂತ ಹತ್ತಿರದ ಕನ್ನಡ. ಬರೀ "ಅಂದುಕೊಂಡಿದ್ದೇನೆ" ಅಂದರೆ ಹಿಂದಿನ ಆ ಕೂಡು ಕಳೆ ಪೂರ್ತಿ ಕಳೆದುಹೋಗುತ್ತದೆ.

ಈ ಅರ್ಥದಲ್ಲಿ ಬಳಸುವಾಗ ಒಂದು ವ್ಯಾಕರಣದ ಮಾತು ನೆನಪಿರಲಿ. "ಐ ಆಮ್ ರೆಕನಿಂಗ್ ದಟ್" ಅಂತ ಹೇಳಬೇಡಿ. ನಾವು "ಅಂದುಕೊಳ್ಳುತ್ತಿದ್ದೇನೆ" ಅನ್ನುವ ಅಭ್ಯಾಸದಿಂದ ಐಎನ್‌ಜಿ ಹಚ್ಚಿಬಿಡುತ್ತೇವೆ. ಅಭಿಪ್ರಾಯದ ರೆಕನ್‌ಗೆ ಅದು ಒಗ್ಗುವುದಿಲ್ಲ. "ಐ ರೆಕನ್" ಅಷ್ಟೇ. ಇಲ್ಲ ಅನ್ನುವಾಗ ಮಾತ್ರ ಕನ್ನಡದ ದಾರಿಯೇ ಸರಿ. "ಅವನು ಬರುತ್ತಾನೆ ಅಂತ ನನಗೆ ಅನಿಸಲ್ಲ" ಅನ್ನುವ ಹಾಗೆ "ಐ ಡೋಂಟ್ ರೆಕನ್ ಹಿ ವಿಲ್ ಕಮ್" ಅನ್ನುತ್ತಾರೆ. "ವಾಟ್ ಡು ಯು ರೆಕನ್?" ಅಂದರೆ ನಿಮಗೇನನಿಸುತ್ತದೆ ಅಂತ. ಅದೇ "ಯು ರೆಕನ್?" ಅಂತ ಎರಡೇ ಪದದಲ್ಲಿ, ಕೊನೆಗೆ ದನಿ ಏರಿಸಿ ಕೇಳಿದರೆ ಹುಷಾರು. ಹೌದಾ, ನಿಜವಾಗಿಯೂ ಹಾಗೆ ಅಂತೀರಾ, ನನಗಂತೂ ನಂಬಿಕೆ ಇಲ್ಲ ಅನ್ನುವ ಧ್ವನಿ ಅದು. ಬ್ರಿಟನ್ನಿನಲ್ಲಿ "ಹಿ ರಿಯಲಿ ರೆಕನ್ಸ್ ಹಿಮ್‌ಸೆಲ್ಫ್" ಅಂದರೆ ಅವನು ತನ್ನನ್ನು ಭಾರೀ ದೊಡ್ಡವನು ಅಂತ ಎಣಿಸಿಕೊಂಡಿದ್ದಾನೆ ಅಂತ. ಹೊಗಳಿಕೆ ಅಲ್ಲ.

ಯಾರು ಜಾಸ್ತಿ ಬಳಸುತ್ತಾರೆ ಅನ್ನುವುದೂ ಮುಖ್ಯ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇದು ದಿನದ ಮಾತು, ಆಫೀಸಿನಲ್ಲೂ ಸಲೀಸು. ಅಮೆರಿಕದಲ್ಲಿ ದಕ್ಷಿಣದ ರಾಜ್ಯಗಳ ಜನ ಬಳಸುತ್ತಾರೆ, ಉಳಿದ ಕಡೆ "ಐ ಗೆಸ್", "ಐ ಫಿಗರ್" ಅನ್ನುತ್ತಾರೆ. ಫಿಗರ್ ಕೂಡ ಅಂಕಿಯೇ ನೋಡಿ! ಅಮೆರಿಕದ ಈಶಾನ್ಯ ಭಾಗದಲ್ಲಿ ಹಿಂದೆ ಇದೇ ಅರ್ಥಕ್ಕೆ "ಐ ಕ್ಯಾಲ್ಕುಲೇಟ್" ಅನ್ನುವವರೂ ಇದ್ದರು. ಮೂರು ಬೇರೆ ಪದಗಳು ಲೆಕ್ಕದ ಮನೆಯಿಂದ ಹೊರಟು ಅನಿಸಿಕೆಯ ಮನೆಗೇ ಬಂದು ಸೇರಿವೆ.

ಅಮೆರಿಕದ ದಕ್ಷಿಣದ ಮಾತು ಅಂದಕೂಡಲೇ ಕೆಲವರು "ಐ ರೆಕನ್" ಅಂದರೆ ಓದದವರ ಹಳ್ಳಿ ಇಂಗ್ಲಿಷ್ ಅಂತ ಮೂಗು ಮುರಿಯುತ್ತಾರೆ. ಇದು ನನಗೆ ನೋವಾಗುವ ವಿಷಯ. 1611ರಲ್ಲಿ ಬಂದ ಕಿಂಗ್ ಜೇಮ್ಸ್ ಬೈಬಲ್ ಇಂಗ್ಲಿಷ್ ಗದ್ಯಕ್ಕೆ ಒಂದು ಅಳತೆಗೋಲು ಅನ್ನುತ್ತಾರಲ್ಲ, ಅದರಲ್ಲಿ ರೋಮನ್ನರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಹೀಗೆ ಹೇಳುತ್ತಾನೆ: ಈಗಿನ ಕಷ್ಟಗಳು ಮುಂದೆ ಬರುವ ಮಹಿಮೆಗೆ ಹೋಲಿಸುವಷ್ಟೂ ಇಲ್ಲ ಅಂತ ನಾನು ಎಣಿಸುತ್ತೇನೆ. ಆ ವಾಕ್ಯ ಶುರುವಾಗುವುದೇ "ಫಾರ್ ಐ ರೆಕನ್" ಅಂತ. ಮೂಲ ಗ್ರೀಕಿನಲ್ಲಿರುವ ಲೋಗಿಜೊಮಾಯ್ ಅನ್ನುವ ಕ್ರಿಯಾಪದ ವ್ಯಾಪಾರದ ಲೆಕ್ಕಕ್ಕೂ ಬಳಕೆಯಾಗುತ್ತಿದ್ದ ಪದ. ಒಂದು ತಟ್ಟೆಯಲ್ಲಿ ಕಷ್ಟ, ಇನ್ನೊಂದು ತಟ್ಟೆಯಲ್ಲಿ ಮಹಿಮೆ ಇಟ್ಟು ತೂಗಿ ನೋಡಿದ ಮಾತು ಅದು. ಅದಕ್ಕೆ ರೆಕನ್‌ಗಿಂತ ಒಳ್ಳೆಯ ಪದ ಸಿಗುತ್ತಿರಲಿಲ್ಲ. ಮುಂದೆ ಅಮೆರಿಕದ ನಗರಗಳ ಓದಿದವರು ಈ ಬಳಕೆಯನ್ನು ಬಿಟ್ಟರು, ದಕ್ಷಿಣದ ಜನ ಉಳಿಸಿಕೊಂಡರು. ಹಳೆಯ ಒಳ್ಳೆಯ ಪದವೊಂದನ್ನು ಜೋಪಾನ ಮಾಡಿದವರನ್ನೇ ಓದದವರು ಅಂದರೆ ಹೇಗೆ?

ಪದದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ, ಮತ್ತು ನನಗೆ ತುಂಬ ಇಷ್ಟವಾದ ಭಾಗ ಇದೇ. ಹಳೆಯ ಇಂಗ್ಲಿಷಿನಲ್ಲಿ ಗೆರೆಕೆನಿಯನ್ ಅಂತ ಒಂದು ಕ್ರಿಯಾಪದ ಇತ್ತು. ವಿವರಿಸು, ಒಂದೊಂದಾಗಿ ಹೇಳು ಅಂತ ಅದರ ಅರ್ಥ. ಲೆಕ್ಕ ಹಾಕು ಅಂತ ಅಲ್ಲ, ಹೇಳು ಅಂತ! ವಿಚಿತ್ರ ಅನಿಸಿದರೆ ನಮ್ಮ "ಒಪ್ಪಿಸು" ಅನ್ನುವ ಪದವನ್ನು ನೆನಪು ಮಾಡಿಕೊಳ್ಳಿ. ಮಗು ಮೇಷ್ಟ್ರ ಮುಂದೆ ಪಾಠ ಒಪ್ಪಿಸುತ್ತದೆ. ಗುಮಾಸ್ತ ಯಜಮಾನನ ಮುಂದೆ ಲೆಕ್ಕ ಒಪ್ಪಿಸುತ್ತಾನೆ. ಎರಡರಲ್ಲೂ ಆಗುವುದು ಒಂದೇ, ಮೊದಲಿಂದ ಕೊನೆಯವರೆಗೆ ಏನನ್ನೂ ಬಿಡದೆ, ಸಾಲಾಗಿ ಹೇಳಿ ಮುಗಿಸುವುದು. ಅಕೌಂಟ್ ಅನ್ನುವ ಪದವೂ ಹಾಗೇ, ಅದು ಬ್ಯಾಂಕಿನ ಖಾತೆಯೂ ಹೌದು, ಕಂಡದ್ದನ್ನು ಕಂಡ ಹಾಗೆ ಹೇಳುವ ವರದಿಯೂ ಹೌದು. ಹೇಳು ಅನ್ನುವ ಟೆಲ್‌ಗೂ ಹಿಂದೆ ಎಣಿಸು ಅಂತ ಅರ್ಥ ಇತ್ತು, ಬ್ಯಾಂಕಿನ ಕೌಂಟರಿನಲ್ಲಿ ದುಡ್ಡು ಎಣಿಸಿ ಕೊಡುವವರಿಗೆ ಟೆಲ್ಲರ್ ಅನ್ನುವುದು ಅದಕ್ಕೇ.

ರೆಕನ್‌ನ ಅಣ್ಣತಮ್ಮಂದಿರು ಯುರೋಪಿನ ಇತರ ಭಾಷೆಗಳಲ್ಲೂ ಇದ್ದಾರೆ. ಜರ್ಮನ್ನಿನಲ್ಲಿ ರೆಖ್ನೆನ್ ಅಂದರೆ ಲೆಕ್ಕ ಹಾಕು, ರೆಖ್ನುಂಗ್ ಅಂದರೆ ಬಿಲ್ಲು. ಡಚ್ಚಿನಲ್ಲಿ ರೇಕೆನಿಂಗ್ ಅಂದರೆ ಬಿಲ್ಲೂ ಹೌದು, ಬ್ಯಾಂಕ್ ಖಾತೆಯೂ ಹೌದು. ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ದಿ ರೆಕನಿಂಗ್ ಅಂದರೆ ಊಟ ಕುಡಿತದ ಬಿಲ್ಲು ಅಂತಲೇ ಅರ್ಥ ಇತ್ತು. ನಾಟಕಕಾರ ಕ್ರಿಸ್ಟೋಫರ್ ಮಾರ್ಲೋ 1593ರ ಮೇ 30ರಂದು ಲಂಡನ್ನಿನ ಹತ್ತಿರದ ಡೆಟ್‌ಫರ್ಡ್‌ನಲ್ಲಿ ಇರಿತಕ್ಕೆ ಸಿಕ್ಕಿ ಸತ್ತ. ಸಾವಿನ ವಿಚಾರಣೆಯ ವರದಿ ಲ್ಯಾಟಿನ್ನಿನಲ್ಲಿದೆ, ಅದನ್ನು ಲೆಸ್ಲಿ ಹಾಟ್ಸನ್ ಅನ್ನುವ ವಿದ್ವಾಂಸ ಹುಡುಕಿ ತೆಗೆದು 1925ರಲ್ಲಿ ಪ್ರಕಟಿಸಿದ. ಅದರ ಪ್ರಕಾರ ಅಂದು ಇಡೀ ದಿನ ಜೊತೆಗಿದ್ದವರ ನಡುವೆ ಜಗಳ ಎದ್ದದ್ದು ಬಿಲ್ಲು ಕೊಡುವ ವಿಷಯಕ್ಕೆ. ವರದಿ ಲ್ಯಾಟಿನ್ನಿನಲ್ಲಿದ್ದರೂ ಬಿಲ್ಲು ಅನ್ನುವ ಜಾಗದಲ್ಲಿ ಇಂಗ್ಲಿಷ್ ಪದವನ್ನೇ ಬಿಟ್ಟಿದ್ದಾರೆ. "ಲೆ ರೆಕನಿಂಗ್" ಅಂತ. ಜಗಳಕ್ಕೆ ನಿಜವಾದ ಕಾರಣ ಅದೇನಾ ಅಂತ ಇವತ್ತಿಗೂ ವಾದ ಇದೆ. ಪದದ ಮಟ್ಟಿಗೆ ಮಾತ್ರ ಇದು ಗಟ್ಟಿ ಸಾಕ್ಷಿ.

ಬಿಲ್ಲು ಅಂದಮೇಲೆ ಡೇ ಆಫ್ ರೆಕನಿಂಗ್ ಅರ್ಥ ಮಾಡಿಕೊಳ್ಳುವುದು ಸುಲಭ. ಬಿಲ್ಲು ಬರುವ ದಿನ ಅದು. ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿ ಎರಡು ಕಥೆಗಳಿವೆ. ಒಂದು 25ನೇ ಅಧ್ಯಾಯದ್ದು. ಯಜಮಾನ ದೂರದೇಶಕ್ಕೆ ಹೊರಡುವ ಮುಂಚೆ ಒಬ್ಬ ಆಳಿಗೆ 5, ಇನ್ನೊಬ್ಬನಿಗೆ 2, ಮತ್ತೊಬ್ಬನಿಗೆ 1 ತಲಾಂತು ಹಣ ಕೊಟ್ಟು ಹೋಗುತ್ತಾನೆ. ಬಹಳ ದಿನದ ಮೇಲೆ ಬಂದು ಲೆಕ್ಕ ಕೇಳುತ್ತಾನೆ. ಕಿಂಗ್ ಜೇಮ್ಸ್ ಅನುವಾದದಲ್ಲಿ ಅಲ್ಲಿ ಇರುವ ಪದ "ರೆಕನೆತ್". ಇನ್ನೊಂದು 18ನೇ ಅಧ್ಯಾಯದ್ದು, ರಾಜ ತನ್ನ ಸೇವಕರ ಲೆಕ್ಕ ನೋಡಲು ಕೂತಾಗ 10,000 ತಲಾಂತು ಸಾಲ ಉಳಿಸಿಕೊಂಡ ಒಬ್ಬನನ್ನು ಎಳೆದು ತರುತ್ತಾರೆ. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಅಂದರೆ ಅವನ ಸಾಲ 6 ಕೋಟಿ ದಿನದ ಕೂಲಿ! ಯಾವ ಮನುಷ್ಯನೂ ತೀರಿಸಲಾಗದ ಬಾಕಿ. ಕಥೆ ಹಣದ್ದು, ಆದರೆ ಕೇಳುವವರಿಗೆ ಗೊತ್ತು, ಇದು ಬದುಕಿನ ಲೆಕ್ಕ, ಕೇಳುವವನು ದೇವರು ಅಂತ. ಹೀಗೆ ಲೆಕ್ಕ ನೋಡುವ ದಿನ ಅನ್ನುವುದು ನ್ಯಾಯತೀರ್ಪಿನ ದಿನ ಆಯಿತು.

ಈಗ ಆ ಮಾತಿಗೆ ಧರ್ಮದ ನಂಟು ಬೇಕೇಬೇಕು ಅಂತಿಲ್ಲ. ವರ್ಷಗಟ್ಟಲೆ ಸುಳ್ಳು ಲಾಭ ತೋರಿಸಿದ ಕಂಪನಿಗೆ ಆಡಿಟ್ ನಡೆಯುವ ದಿನ ಡೇ ಆಫ್ ರೆಕನಿಂಗ್. ಬರೀ ರೆಕನಿಂಗ್ ಅಂತಲೂ ಬಳಸುತ್ತಾರೆ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸ್ ಕೈಯಲ್ಲಿ ಸತ್ತ ಮೇಲೆ ಅಮೆರಿಕದ ಪತ್ರಿಕೆಗಳಲ್ಲಿ "ರೇಶಿಯಲ್ ರೆಕನಿಂಗ್" ಅನ್ನುವ ಮಾತು ಮತ್ತೆಮತ್ತೆ ಬಂತು. ಅಲ್ಲಿ ಬರೀ ಶಿಕ್ಷೆಯ ಅರ್ಥ ಇಲ್ಲ. ಇಷ್ಟು ಕಾಲ ನೋಡದೆ ಪಕ್ಕಕ್ಕಿಟ್ಟಿದ್ದ ಹಳೆಯ ಖಾತೆಯನ್ನು ಒಂದು ಸಮಾಜ ತಾನೇ ತೆರೆದು, ಯಾರಿಗೆ ಏನು ಬಾಕಿ ಇದೆ ಅಂತ ನೋಡಲೇಬೇಕಾದ ಸ್ಥಿತಿ ಅದು. ಇದನ್ನು ಕನ್ನಡಕ್ಕೆ ತರುವಾಗ "ಸೇಡು" ಅಂತ ಬರೆದದ್ದನ್ನು ನಾನು ಒಂದೆರಡು ಕಡೆ ಓದಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸೇಡಿನಲ್ಲಿ ಸಿಟ್ಟು ಮುಂದೆ, ಲೆಕ್ಕ ಹಿಂದೆ. ರೆಕನಿಂಗ್‌ನಲ್ಲಿ ಖಾತೆ ತೆರೆಯುವುದೇ ಮುಖ್ಯ, ಸಿಟ್ಟು ಇರಲೂಬಹುದು, ಇಲ್ಲದೆಯೂ ಇರಬಹುದು. "ಲೆಕ್ಕ ಒಪ್ಪಿಸುವ ಹೊತ್ತು", "ಲೆಕ್ಕ ಚುಕ್ತಾ ಆಗುವ ದಿನ", ಸಂದರ್ಭ ನೋಡಿ ಇಂಥದ್ದೇನಾದರೂ ಬರೆಯಿರಿ.

ಡೆಡ್ ರೆಕನಿಂಗ್ ಬೇರೆಯದೇ ಲೋಕ. ಒಂದು ಅನುವಾದದ ಕರಡು ತಿದ್ದುವಾಗ ಅದನ್ನು "ಸತ್ತವರ ಎಣಿಕೆ" ಅಂತ ಬರೆದದ್ದು ನೋಡಿದ್ದೆ. ಸಾವಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಹಡಗಿನವರ ಮಾತು, 17ನೇ ಶತಮಾನದ ಶುರುವಿನಿಂದಲೂ ಬಳಕೆಯಲ್ಲಿದೆ. ಸುತ್ತ ಬರೀ ನೀರು, ದಡ ಕಾಣುವುದಿಲ್ಲ, ಮೋಡ ಕವಿದು ಸೂರ್ಯನೂ ನಕ್ಷತ್ರವೂ ಇಲ್ಲ. ನಾವು ಎಲ್ಲಿದ್ದೇವೆ ಅಂತ ಹೇಗೆ ತಿಳಿಯುವುದು? ಕೊನೆಯ ಸಲ ಖಾತ್ರಿಯಾಗಿ ಗೊತ್ತಿದ್ದ ಜಾಗದಿಂದ ಶುರು ಮಾಡಬೇಕು. ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಬಂದೆವು ಅಂತ ಲೆಕ್ಕ ಹಾಕಬೇಕು. ದಿಕ್ಕಿಗೆ ದಿಕ್ಸೂಚಿ ಇತ್ತು, ಹೊತ್ತಿಗೆ ಮರಳಿನ ಗಡಿಯಾರ ಇತ್ತು. ವೇಗಕ್ಕೆ ಒಂದು ಸರಳ ಉಪಾಯ ಮಾಡಿದ್ದರು. ಒಂದೇ ಸಮ ಅಂತರದಲ್ಲಿ ಗಂಟು ಹಾಕಿದ ಹಗ್ಗದ ತುದಿಗೆ ಮರದ ತುಂಡು ಕಟ್ಟಿ ಹಿಂದೆ ನೀರಿಗೆ ಬಿಡುವುದು, ಅರ್ಧ ನಿಮಿಷದಷ್ಟು ಹೊತ್ತು ಮರಳು ಸುರಿಯುವಷ್ಟರಲ್ಲಿ ಎಷ್ಟು ಗಂಟು ಕೈಜಾರಿ ಹೋದವು ಅಂತ ಎಣಿಸುವುದು. ಹಡಗಿನ ವೇಗವನ್ನು ಇವತ್ತಿಗೂ ನಾಟ್, ಅಂದರೆ ಗಂಟು, ಅಂತಲೇ ಹೇಳುವುದು ಇದರಿಂದ. ಒಂದು ನಾಟ್ ಅಂದರೆ ಗಂಟೆಗೆ ಒಂದು ನಾವಿಕ ಮೈಲಿ, 1,852 ಮೀಟರ್. 10 ನಾಟ್ ವೇಗದಲ್ಲಿ 3 ಗಂಟೆ ಉತ್ತರಕ್ಕೆ ಹೋಗಿದ್ದರೆ 30 ನಾವಿಕ ಮೈಲಿ, ಹೆಚ್ಚುಕಡಿಮೆ 55 ಕಿಲೋಮೀಟರು. ನಕ್ಷೆಯ ಮೇಲೆ ಅಲ್ಲೊಂದು ಗುರುತು. ಮುಂದಿನ ಲೆಕ್ಕಕ್ಕೆ ಅದೇ ಆರಂಭ.

ಅಪಾಯ ಇರುವುದೂ ಅಲ್ಲೇ. ಈ ಗುರುತಿನಲ್ಲಿ ಸ್ವಲ್ಪ ತಪ್ಪಿದ್ದರೆ ಮುಂದಿನದರಲ್ಲಿ ಅದು ಸೇರಿಕೊಳ್ಳುತ್ತದೆ, ಅದರ ಮುಂದಿನದರಲ್ಲಿ ಇನ್ನೂ ಬೆಳೆಯುತ್ತದೆ. ಅಕೌಂಟ್ಸ್‌ನಲ್ಲಿರುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಆರಂಭದ ಶಿಲ್ಕು ತಪ್ಪಾಗಿ ಬರೆದುಕೊಂಡರೆ ಆಮೇಲೆ ಪ್ರತಿದಿನ ಸರಿಯಾಗಿ ಕೂಡಿಸಿದರೂ ಕೊನೆಯ ಶಿಲ್ಕು ತಾಳೆಯಾಗುವುದಿಲ್ಲ ಅಲ್ವಾ? 1707ರ ಅಕ್ಟೋಬರಿನಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಗಳು ತಾವು ಎಲ್ಲಿದ್ದೇವೆ ಅನ್ನುವ ಎಣಿಕೆ ತಪ್ಪಿ ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದವು. ನಾಲ್ಕು ಹಡಗು ಮುಳುಗಿ, 1,400ಕ್ಕೂ ಹೆಚ್ಚು ಜನ ಸತ್ತರು. 1714ರಲ್ಲಿ ಬ್ರಿಟನ್ನಿನ ಸಂಸತ್ತು ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯುವ ದಾರಿ ತೋರಿಸಿದವರಿಗೆ 20,000 ಪೌಂಡಿನವರೆಗೆ ಬಹುಮಾನ ಇಟ್ಟಿತು. ಹಾಗಂತ ಈ ವಿದ್ಯೆಯನ್ನು ಕಡೆಗಣಿಸುವ ಹಾಗಿಲ್ಲ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬನೇ 33 ಗಂಟೆಗೂ ಮೀರಿ ಹಾರಿದ್ದು ರೇಡಿಯೋ ಕೂಡ ಇಲ್ಲದೆ, ಹೀಗೇ ದಿಕ್ಕು ವೇಗ ಹೊತ್ತು ಎಣಿಸಿಕೊಂಡು. ಇವತ್ತು ಕಾರು ಸುರಂಗದೊಳಗೆ ಹೋಗಿ ಜಿಪಿಎಸ್ ಸಿಗ್ನಲ್ ತಪ್ಪಿದಾಗ ನಕ್ಷೆಯ ಮೇಲಿನ ಚುಕ್ಕಿ ಸುಮಾರಾಗಿ ಸರಿಯಾದ ಜಾಗದಲ್ಲೇ ಮುಂದೆ ಸಾಗುತ್ತಿದ್ದರೆ ಅದೂ ಡೆಡ್ ರೆಕನಿಂಗ್.

ಡೆಡ್ ಯಾಕೆ? ಡಿಡ್ಯೂಸ್ಡ್, ಅಂದರೆ ತರ್ಕದಿಂದ ಕಂಡುಕೊಂಡದ್ದು, ಅನ್ನುವುದನ್ನು ಚಿಕ್ಕದು ಮಾಡಿ ಡೆಡ್ ಅಂತ ಬರೆಯುತ್ತಿದ್ದರು ಅನ್ನುವ ಕಥೆ ಎಲ್ಲ ಕಡೆ ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಹಳೆಯ ಬರಹಗಳಲ್ಲಿ ಅದಕ್ಕೆ ಆಧಾರ ಇಲ್ಲ. ಅಲ್ಲಿ ಇರುವುದು ಡೆಡ್ ಅಂತಲೇ. ಕನ್ನಡದಲ್ಲಿ "ನಡೆಯೆಣಿಕೆ" ಅಂದರೆ ಹೇಗೆ ಅಂತ ನನಗೊಂದು ಆಸೆ ಇದೆ. ನಡೆದದ್ದನ್ನು ಎಣಿಸಿ ನಿಂತ ಜಾಗ ತಿಳಿಯುವುದು.

ಇನ್ನು ರೆಕನ್ ಜೊತೆ ಅಂಟಿಕೊಳ್ಳುವ ಪುಟ್ಟ ಪದಗಳು. ರೆಕನ್ ಆನ್ ಅಂದರೆ ನಂಬಿಕೊಂಡು ಲೆಕ್ಕ ಹಾಕಿಕೊಳ್ಳುವುದು, ಹತ್ತು ಜನ ಬರುತ್ತಾರೆ ಅಂತ ಲೆಕ್ಕ ಇಟ್ಟುಕೊಂಡಿದ್ದೆ ಅನ್ನುವ ಹಾಗೆ. ರೆಕನ್ ವಿತ್ ಅಂದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದು, "ಎ ಫೋರ್ಸ್ ಟು ಬಿ ರೆಕನ್ಡ್ ವಿತ್" ಅಂದರೆ ಕಡೆಗಣಿಸಲಾಗದ ಶಕ್ತಿ. ಕಡೆಗಣಿಸುವುದರಲ್ಲೂ ಗಣಿಸುವುದು ಇದೆ, ನೋಡಿದಿರಾ? ಆದರೆ "ಯು ವಿಲ್ ಹ್ಯಾವ್ ಮಿ ಟು ರೆಕನ್ ವಿತ್" ಅಂತ ಯಾರಾದರೂ ಅಂದರೆ ಅದು ಬೆದರಿಕೆ, ಆಮೇಲೆ ನನಗೆ ಲೆಕ್ಕ ಕೊಡಬೇಕಾಗುತ್ತದೆ ಅಂತ. ರೆಕನ್ ವಿದೌಟ್ ಅಂದರೆ ಮುಖ್ಯವಾದ ಏನನ್ನೋ ಲೆಕ್ಕಕ್ಕೆ ಹಿಡಿಯದೇ ಬಿಟ್ಟದ್ದು. ಇದರ ಹಿಂದೆ "ರೆಕನ್ ವಿದೌಟ್ ಒನ್ಸ್ ಹೋಸ್ಟ್" ಅಂತ ಹಳೆಯ ನುಡಿಗಟ್ಟು ಇದೆ. ಛತ್ರದ ಯಜಮಾನನನ್ನು ಕೇಳದೆ ಬಿಲ್ಲು ಇಷ್ಟೇ ಆಗಿರುತ್ತದೆ ಅಂತ ಗಿರಾಕಿ ತಾನೇ ಕೂಡಿಸಿಕೊಂಡು ಕೂತ ಹಾಗೆ!

ಆಟದ ವರದಿಗಳಲ್ಲಿ "ಇನ್ ದಿ ರೆಕನಿಂಗ್" ಅಂತ ಬರುತ್ತದೆ. ತಂಡದ ಆಯ್ಕೆಗೋ ಗೆಲ್ಲುವುದಕ್ಕೋ ಇನ್ನೂ ಲೆಕ್ಕದಲ್ಲಿ ಇದ್ದಾರೆ ಅಂತ. ಗಾಯವಾಗಿ ಹೊರಬಿದ್ದರೆ "ಔಟ್ ಆಫ್ ದಿ ರೆಕನಿಂಗ್". ನಮ್ಮ "ಲೆಕ್ಕಕ್ಕುಂಟು ಆಟಕ್ಕಿಲ್ಲ" ನೆನಪಾದರೂ ಅದನ್ನು ಇಲ್ಲಿ ಹಾಕಬೇಡಿ, ಅದು ಹೆಸರಿಗೆ ಮಾತ್ರ ಇರುವವನ ಬಗ್ಗೆ ಹೇಳುವ ಮಾತು. ಇನ್ ದಿ ರೆಕನಿಂಗ್ ಇರುವವನು ಆಟಕ್ಕೂ ಇದ್ದಾನೆ. ರೆಡಿ ರೆಕನರ್ ನಿಮಗೆ ಗೊತ್ತಿರುತ್ತದೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಗುಣಾಕಾರ ಬಡ್ಡಿ ಎಲ್ಲ ಮೊದಲೇ ಮಾಡಿಟ್ಟ ಕೋಷ್ಟಕಗಳ ಪುಸ್ತಕ. ಈಗ ಥಟ್ಟನೆ ನೋಡಿಕೊಳ್ಳುವ ಯಾವ ಪಟ್ಟಿಗಾದರೂ ಹಾಗೆ ಅನ್ನುತ್ತಾರೆ.

ಗೊಂದಲ ಮಾಡುವ ಪದಗಳ ಬಗ್ಗೆ ಎರಡು ಮಾತು. ರೆಕ್‌ಲೆಸ್ ಅಂದರೆ ಹಿಂದುಮುಂದು ಲೆಕ್ಕಿಸದವನು. ಅರ್ಥ ಹೊಂದುವುದರಿಂದ ರೆಕನ್‌ನಿಂದಲೇ ಬಂದಿರಬೇಕು ಅಂತ ನಮಗೆ ಅನಿಸುತ್ತದೆ. ಆದರೆ ಅಲ್ಲಿರುವ ರೆಕ್ ಅನ್ನುವುದು ಕಾಳಜಿ ಅನ್ನುವ ಅರ್ಥದ ಬೇರೊಂದು ಹಳೆಯ ಪದ. ನಿಮ್ಮ ವಿಭಾಗದಲ್ಲಿ ದಿನಾ ಮಾಡುವ ರೆಕನ್ಸಿಲಿಯೇಶನ್, ಅಂದರೆ ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಪುಸ್ತಕದ ಲೆಕ್ಕಕ್ಕೂ ತಾಳೆ ನೋಡುವುದು, ಅದಂತೂ ಲ್ಯಾಟಿನ್ನಿನಿಂದ ಬಂದದ್ದು. ರಾಜಿ ಮಾಡಿಸು ಅಂತ ಅದರ ಮೂಲ. "ಐ ರೆಕನ್ಡ್ ದಿ ಬ್ಯಾಂಕ್ ಸ್ಟೇಟ್‌ಮೆಂಟ್" ಅಂತ ಬರೆದರೆ ತಾಳೆ ನೋಡಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ನೀವು ಮೇಲ್‌ನಲ್ಲಿ ಬಳಸಬಹುದಾ? ನಿಮ್ಮ ಮ್ಯಾನೇಜರ್ ಜೊತೆ, ಸಲಿಗೆಯ ಮೇಲ್‌ನಲ್ಲಿ, ಧಾರಾಳವಾಗಿ. ಕೆಲಸ ಶುಕ್ರವಾರಕ್ಕೆ ಮುಗಿಯಬಹುದು ಅನಿಸಿದರೆ "ಐ ರೆಕನ್ ವಿ ವಿಲ್ ಫಿನಿಶ್ ಬೈ ಫ್ರೈಡೇ" ಅನ್ನಿ, ಸಹಜವಾಗಿಯೇ ಇರುತ್ತದೆ. ಆದರೆ ಆಡಿಟರಿಗೆ, ಬ್ಯಾಂಕಿಗೆ, ಸರ್ಕಾರಿ ಇಲಾಖೆಗೆ ಹೋಗುವ ಕಾಗದದಲ್ಲಿ ಬೇಡ. ಲೆಕ್ಕ ಹಾಕಿದ್ದರೆ ಕ್ಯಾಲ್ಕುಲೇಟೆಡ್ ಅಂತ, ಅಂದಾಜಾದರೆ ಎಸ್ಟಿಮೇಟೆಡ್ ಅಂತ ಬಿಡಿಸಿ ಬರೆಯಿರಿ. ಒಂದೇ ಪದದಲ್ಲಿ ಎರಡನ್ನೂ ಇಟ್ಟುಕೊಂಡಿರುವುದು ಮಾತಿನಲ್ಲಿ ರೆಕನ್‌ನ ಸೊಗಸು. ಲೆಕ್ಕದ ಕಾಗದದಲ್ಲಿ ಅದೇ ತೊಂದರೆ.

ಮುಂದೆ ಅವರು ಮತ್ತೆ "ಐ ರೆಕನ್" ಅಂತ ಒಂದು ಅಂಕಿ ಕಳಿಸಿದರೆ ಸಂಕೋಚ ಬೇಡ, ಒಂದು ಸಾಲು ಬರೆದು ಕೇಳಿ: "ಈಸ್ ದಟ್ ಆನ್ ಎಸ್ಟಿಮೇಟ್, ಆರ್ ಈಸ್ ಇಟ್ ಫ್ರಮ್ ದಿ ಲೆಡ್ಜರ್?" ಬ್ರಿಟಿಷರಿಗೆ ಈ ಪ್ರಶ್ನೆ ಒರಟು ಅನಿಸುವುದಿಲ್ಲ. ಈಗಾಗಲೇ ವರದಿಯಲ್ಲಿ ಹೋಗಿರುವ 2 ಶೇಕಡಾದ ಪಕ್ಕ ಎಸ್ಟಿಮೇಟೆಡ್ ಅಂತ ಸೇರಿಸಿ, ಲೆಡ್ಜರ್ ತಾಳೆಯಾದ ಮೇಲೆ ನಿಜವಾದ ಅಂಕಿ ಹಾಕಿ ತಿದ್ದಿದ ಪ್ರತಿ ಕಳಿಸಿಬಿಡಿ.